ಕಿವಿರು ಮಡಚಿದ ಹೆಣ್ಣು

ರಾಣೆಬೆನ್ನೂರಿನ ಆ ಸಾಕುಮೀನಿನ ಅಂಗಡಿಯವನಿಗೆ ಒಳ್ಳೆಯದಾಗಲಿ ಎಂದು ನಾನು ಒಂದು ದಿನವೂ ಬಯಸಿಲ್ಲ. ಇನ್ನು ಮುಂದೆ ಬಯಸುವ ವಿಚಾರವೂ ಇಲ್ಲ. ಬಿಟ್ಟುಬಿಡು, ಮನಸ್ಸು ಹಗುರಾಗುತ್ತದೆ ಎಂದು ನನ್ನ ಅವ್ವ ಬುದ್ಧಿ ಹೇಳಿದಳು. ನನ್ನ ಮನಸ್ಸು ಹಗುರಾಗಿಯೇ ಇದೆ. ಅವನು ಹೊಟ್ಟೆ ಉರಿದುಕೊಂಡು ಕೂತಿರುವುದನ್ನು ನೆನೆದಾಗ ಇನ್ನಷ್ಟು ಹಗುರಾಗುತ್ತದೆ.

ನಾನಿರುವುದು ಹಾವೇರಿಯಲ್ಲಿ, ದುಡಿಯುವುದು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ. ಮೆಣಸಿನಕಾಯಿ ಚೀಲಗಳು ಒಳಗೆ ಹೋಗುವ ಮುಂಚೆ ಅವುಗಳ ಗುಣ ನೋಡಿ ದರ್ಜೆ ಹೇಳುವುದು ನನ್ನ ಕೆಲಸ. ಚೀಲದ ಬಾಯಲ್ಲಿ ಕಾಣುವ ಕಾಯಿಗೆ ಮರುಳಾಗುವವರು ಈ ಕೆಲಸಕ್ಕೆ ಬರಬಾರದು. ಮೇಲೆ ಕೆಂಪಗೆ ಸುಕ್ಕುಗಟ್ಟಿದ ಕಾಯಿ ಹರಡಿ, ತಳದಲ್ಲಿ ಬಿಳಿಚಿಕೊಂಡದ್ದನ್ನು ತುಂಬುವ ಆಟ ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅದಕ್ಕೇ ಮೊಳಕೈವರೆಗೆ ಕೈ ತೂರಿಸಿ ತಳದಿಂದ ಒಂದು ಹಿಡಿ ಎಳೆದು ನೋಡಬೇಕು. ನಮ್ಮವರಲ್ಲಿ ಒಂದು ಕಟ್ಟುಪಾಡಿದೆ. ನೀನೇ ಕೈ ಹಾಕಿ, ನೋಡಿ, ಒಪ್ಪಿಕೊಂಡ ಮಾಲಿನ ಮೇಲೆ ಆಮೇಲೆ ತಕರಾರು ತೆಗೆಯುವಂತಿಲ್ಲ. ತೆಗೆದವನನ್ನು ಮರುದಿನದಿಂದ ಯಾರೂ ಪಕ್ಕದಲ್ಲಿ ಕೂರಿಸಿಕೊಳ್ಳುವುದಿಲ್ಲ.

ಸಂಜೆ ಮನೆಗೆ ಬಂದವಳೇ ಕಡಲೆಹಿಟ್ಟು ಹಚ್ಚಿ ಮೊಳಕೈವರೆಗೆ ತಿಕ್ಕಿ ತೊಳೆಯುತ್ತೇನೆ. ಮನೆಯಲ್ಲಿ ಗಾಜಿನ ತೊಟ್ಟಿಗಳಲ್ಲಿ ಮೀನು ಸಾಕಿದ್ದೇನೆ, ಖಾರದ ಕೈಯಲ್ಲಿ ಅವುಗಳ ನೀರು ಮುಟ್ಟುವ ಹಾಗಿಲ್ಲ. ನನ್ನ ಗಂಡ ಮೋಟಾರ್ ವೈಂಡಿಂಗ್ ಮಾಡುವವನು, ಅವನ ಕೈಗೆ ಹತ್ತಿದ ಗ್ರೀಸಿಗೂ ಇದೇ ಕಾನೂನು. ಊಟಕ್ಕಿಂತ ಮುಂಚೆ ಇಷ್ಟು ಚೆನ್ನಾಗಿ ಕೈ ತೊಳೆದಿದ್ದರೆ ನಮ್ಮಿಬ್ಬರಿಗೂ ಯಾವ ರೋಗವೂ ಬರುತ್ತಿರಲಿಲ್ಲ ಎಂದು ಅವನು ಆಡಿಕೊಳ್ಳುತ್ತಾನೆ.

ಈ ಮೀನುಗಳ ವಿಷಯ ಸ್ವಲ್ಪ ಹೇಳದಿದ್ದರೆ ನನ್ನ ಸಿಟ್ಟು ಯಾರಿಗೂ ಅರ್ಥವಾಗುವುದಿಲ್ಲ. ಇವಕ್ಕೆ ಕುಳ್ಳ ಸಿಕ್ಲಿಡ್ ಎನ್ನುತ್ತೇವೆ. ಹೆಬ್ಬೆರಳಿನಷ್ಟು ಉದ್ದ, ಅದಕ್ಕೆ ಹೊಂದದಷ್ಟು ದೊಡ್ಡ ಸಿಟ್ಟು. ದಕ್ಷಿಣ ಅಮೆರಿಕದ ಕಾಡಿನ ಹಳ್ಳಗಳಲ್ಲಿ, ಎಲೆ ಕೊಳೆತು ಚಹಾದ ಬಣ್ಣಕ್ಕೆ ತಿರುಗಿದ ನೀರಿನಲ್ಲಿ ಬದುಕುತ್ತವೆ. ಅಂಗಡಿಗಳಲ್ಲಿ ಸಿಗುವವು ತೊಟ್ಟಿಯಲ್ಲೇ ತಲೆಮಾರುಗಟ್ಟಲೆ ಹುಟ್ಟಿದವು, ಎಂಥ ನೀರಿಗೂ ಒಗ್ಗಿಕೊಂಡು ಬಿದ್ದಿರುತ್ತವೆ. ನನ್ನವು ಹಾಗಲ್ಲ. ಹಳ್ಳದಲ್ಲಿ ಬಲೆ ಹಾಕಿ ಹಿಡಿದು, ವಿಮಾನದಲ್ಲಿ ಚೆನ್ನೈಗೆ ಬಂದು, ಅಲ್ಲಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಹಾವೇರಿಗೆ ಇಳಿದ ಕಾಡಿನ ಮೀನುಗಳು. ಥರ್ಮಾಕೋಲ್ ಪೆಟ್ಟಿಗೆ ಬಿಚ್ಚಿದಾಗ ಕೆಲವು ಸತ್ತಿದ್ದವು. ಬದುಕಿದ್ದವುಗಳಲ್ಲಿ ಒಂದು ಗಂಡು, ಒಂದು ಹೆಣ್ಣು ಮಾತ್ರ ತಿಂಗಳು ದಾಟಿದವು. ತರಿಸಿಕೊಟ್ಟ ಚೆನ್ನೈಯವನು ಆ ಹಳ್ಳದ ಆ ಜಾತಿ ಇನ್ನು ಬರುವುದಿಲ್ಲ, ಅಲ್ಲಿಂದ ಕಳಿಸುವುದೇ ನಿಂತಿದೆ ಎಂದು ತಿಳಿಸಿದ. ನಮ್ಮ ಸೀಮೆಯಲ್ಲಿ ಆ ವಂಶ ಉಳಿಯಬೇಕಾದರೆ ಆ ಒಂದು ಹೆಣ್ಣಿನಿಂದಲೇ ಉಳಿಯಬೇಕಿತ್ತು.

ಆ ಹೆಣ್ಣಿಗೆ ಒಂದು ಗುರುತಿತ್ತು. ಬಲಗಡೆಯ ಕಿವಿರಿನ ಮುಚ್ಚಳದ ಅಂಚು ಪುಸ್ತಕದ ಹಾಳೆಯ ಮೂಲೆಯ ಹಾಗೆ ಒಳಕ್ಕೆ ಮಡಚಿಕೊಂಡಿತ್ತು. ರೆಕ್ಕೆ ಹರಿದರೆ ಮತ್ತೆ ಬೆಳೆಯುತ್ತದೆ, ಕಿವಿರು ಮಡಚಿದರೆ ಸಾಯುವವರೆಗೂ ಹಾಗೇ. ಅದೇನು ಚೆಲುವೆಯಲ್ಲ. ಬೂದು ಮೈ, ಮೋಟು ಬಾಲ, ಯಾವಾಗಲೂ ಮುನಿಸಿಕೊಂಡ ಮುಖ. ನೋಡಿದವರೆಲ್ಲ ನನ್ನ ಹಾಗೇ ಇದೆ ಎಂದರು. ನನಗೆ ಅದರಿಂದ ಖುಷಿಯೇ ಆಯಿತು.

ನೀರಿಗಾಗಿ ನಾವು ಪಟ್ಟ ಪಾಡು ದೇವರಿಗೇ ಪ್ರೀತಿ. ನಮ್ಮ ಬೋರಿನ ನೀರು ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪದರು ಕಟ್ಟುತ್ತದೆ, ಅದರಲ್ಲಿ ಈ ಮೀನಿನ ಮೊಟ್ಟೆ ಬೂಸಲು ಹಿಡಿದು ಕೊಳೆಯುತ್ತದೆ. ಮಳೆಗಾಲದಲ್ಲಿ ಮನೆಯ ಶೀಟಿನಿಂದ ಇಳಿಯುವ ನೀರನ್ನು ಪೀಪಾಯಿಗಳಲ್ಲಿ ಹಿಡಿದಿಟ್ಟೆವು. ಅದು ಮುಗಿದ ಮೇಲೆ ಗಂಡ ಬೈಕಿಗೆ ಕ್ಯಾನು ಕಟ್ಟಿಕೊಂಡು ಐರಣಿಯವರೆಗೆ ಹೋಗಿ ಹೊಳೆಯ ನೀರು ತಂದ. ಬಾದಾಮಿ ಗಿಡದ ಒಣ ಎಲೆ ನೆನೆಹಾಕಿ ಆ ನೀರನ್ನು ಕಂದು ಮಾಡಿದೆ. ಅರ್ಧ ತೆಂಗಿನ ಚಿಪ್ಪು ಬೋರಲು ಹಾಕಿ, ಅಂಚಿನಲ್ಲಿ ಬೆರಳು ತೂರುವಷ್ಟು ಬಾಯಿ ಕೊರೆದಿಟ್ಟೆ. ಹೆಣ್ಣು ಅದರೊಳಗೆ ಹೋಗಿ, ಚಿಪ್ಪಿನ ಚಾವಣಿಗೆ ತಲೆಕೆಳಗಾಗಿ ಮೊಟ್ಟೆ ಅಂಟಿಸಿತು. ಹೊರಗೆ ಬಂದಾಗ ಆ ಬೂದು ಮೀನು ನಿಂಬೆಹಣ್ಣಿನ ಹಳದಿಯಾಗಿತ್ತು, ಮೈಮೇಲೆ ಕಾಡಿಗೆ ಕಪ್ಪಿನ ಪಟ್ಟೆ. ತನಗಿಂತ ದುಪ್ಪಟ್ಟು ಇದ್ದ ಗಂಡನ್ನು ಅಟ್ಟಿಸಿಕೊಂಡು ಹೋಗಿ ಮೂಲೆಗೆ ತಳ್ಳಿತು. ನಾನು ಚಪ್ಪಾಳೆ ತಟ್ಟಿದೆ, ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಹಾಳಾಯಿತು.

ಮರಿಗಳು ಈಜತೊಡಗಿದಾಗ ಬೇಸಿಗೆ ಬಂದಿತ್ತು. ಅವನ್ನು ಬೇರೆ ತೊಟ್ಟಿಗೆ ಹಾಕಿದೆ. ಮರಿಯಾದ ಸುದ್ದಿ ಯಾರಿಗೂ ಹೇಳಲಿಲ್ಲ, ಕಣ್ಣು ಬೀಳುತ್ತದೆ ಎಂಬ ಅಂಜಿಕೆ. ಆ ಹೊತ್ತಿಗೆ ಕರ್ಜಗಿಯಲ್ಲಿದ್ದ ಅವ್ವನಿಗೆ ಮೊಣಕಾಲಿನ ಆಪರೇಶನ್ ಎಂದು ಹುಬ್ಬಳ್ಳಿಗೆ ಹೋಗಿ ಅಲ್ಲೇ ಇರಬೇಕಾಯಿತು. ಮರಿಗಳಿಗೆ ಹೊತ್ತು ಹೊತ್ತಿಗೆ ಹಾಕಲು ಗಂಡನಿಗೆ ಕಲಿಸಿದೆ. ದೊಡ್ಡ ಜೋಡಿಯ ಚಿಂತೆ ಬೇರೆ ಇತ್ತು. ನಮ್ಮ ಮನೆಯ ಶೀಟಿನ ಕೆಳಗೆ ನೀರು ಬೆಚ್ಚಗಾಗಿ ಅವು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದವು. ರಾಣೆಬೆನ್ನೂರಿನ ಅಂಗಡಿಯವನ ಹತ್ತಿರ ಏಸಿ ಹಾಕಿದ ಕೋಣೆಯಿತ್ತು. ಹಳೆಯ ಪರಿಚಯ. ಗಪ್ಪಿ ಸಾಕುತ್ತಿದ್ದ ಕಾಲದಿಂದ ಅವನಲ್ಲೇ ಪಂಪು, ಪೈಪು ಕೊಳ್ಳುತ್ತಿದ್ದೆ. ಅವ್ವನ ಕಾಲು ನೆಟ್ಟಗಾಗುವವರೆಗೆ ಇಟ್ಟುಕೊಳ್ಳಿ ಎಂದು ಜೋಡಿಯನ್ನು ಕೊಟ್ಟೆ, ಹೊಳೆನೀರಿನ ಕ್ಯಾನನ್ನೂ ಕೊಟ್ಟೆ. ಅಕ್ಕನ ಕೆಲಸ ತಮ್ಮ ಮಾಡದೆ ಇನ್ಯಾರು ಮಾಡುತ್ತಾರೆ ಎಂದು ಅವನು ಎದೆ ಮುಟ್ಟಿಕೊಂಡ. ಆ ಕೈ ಸೇದಿ ಹೋಗಲಿ.

ವಾಪಸು ಬಂದ ದಿನವೇ ಅವನ ಅಂಗಡಿಗೆ ಹೋದೆ. ಅವನು ಸ್ಟೂಲು ಎಳೆದು ಕೂರಿಸಿ, ಚಹಾ ತರಿಸಿ, ಮುಖ ಸಣ್ಣದು ಮಾಡಿಕೊಂಡು ಹೇಳಿದ.

"ಎರಡೂ ಹೋದ್ವು ರೀ ಅಕ್ಕಾರ. ಕರೆಂಟ್ ಹೋತು, ಏಸಿ ಬಂದ್ ಆತು. ನಿಮಗ ಹೆಂಗ ಹೇಳೂದಂತ ಫೋನ ಮಾಡಲಿಲ್ಲ."

ಬಸ್ಸಿನಲ್ಲಿ ಹಾವೇರಿವರೆಗೂ ಅತ್ತೆ. ಪಕ್ಕದಲ್ಲಿದ್ದ ಹೆಂಗಸು ಯಾರು ತೀರಿಕೊಂಡರು ಎಂದು ಕೇಳಿದಳು. ಮನೆಯಾಕಿ ಎಂದೆ. ಅವಳೂ ಕಣ್ಣು ಒರೆಸಿಕೊಂಡಳು. ಅಂಗಡಿಯವನ ಮೇಲೆ ನನಗೆ ಆಗ ಕನಿಕರವೇ ಇತ್ತು, ಪಾಪ ನನ್ನಿಂದ ಅವನಿಗೂ ನೋವಾಯಿತಲ್ಲ ಎಂದುಕೊಂಡಿದ್ದೆ. ಇದನ್ನು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮಳೆಗಾಲ ಅರ್ಧ ಕಳೆದಿತ್ತು. ಮಧ್ಯಾಹ್ನ ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ಬುತ್ತಿ ಬಿಚ್ಚಿಕೊಂಡು ಮೊಬೈಲು ನೋಡುತ್ತಿದ್ದೆ. ಅವನು ಮೀನಿನ ವಿಡಿಯೋ ಮಾಡಿ ಹಾಕುವವನು, ನೋಡುವವರ ದಂಡೇ ಇದೆ. ಅವತ್ತಿನ ವಿಡಿಯೋದಲ್ಲಿ ಕಾಡಿನ ಕುಳ್ಳ ಸಿಕ್ಲಿಡ್, ನಾನೇ ವಿದೇಶದಿಂದ ನೇರವಾಗಿ ತರಿಸಿದ್ದು, ಜಿಲ್ಲೆಯಲ್ಲೇ ಮೊದಲ ಬಾರಿ ನನ್ನಲ್ಲಿ ಮೊಟ್ಟೆ ಇಟ್ಟಿದೆ ಎಂದು ಬೀಗುತ್ತಿದ್ದ. ಹಳದಿ ಹೆಣ್ಣು ಗಾಜಿನ ಹತ್ತಿರ ಬಂದು ಕ್ಯಾಮೆರಾವನ್ನು ಬೆದರಿಸಿತು. ಬಲಗಡೆಯ ಕಿವಿರು ಮಡಚಿತ್ತು. ವಿಡಿಯೋ ನಿಲ್ಲಿಸಿ, ಹಿಗ್ಗಿಸಿ ನೋಡಿದೆ. ಬುತ್ತಿ ಮುಚ್ಚಿಟ್ಟೆ. ಅಷ್ಟು ದಿನ ನಾನು ಅತ್ತದ್ದು ಬದುಕಿದ್ದ ಮೀನಿಗೆ.

ಅವತ್ತೇ ಸಂಜೆ ರಾಣೆಬೆನ್ನೂರಿಗೆ ಹೋದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಇದು ನನ್ನ ಮೀನು, ಕಿವಿರು ನೋಡಿ ಎಂದೆ. ಅವನು ಗಲಿಬಿಲಿಗೊಳ್ಳಲೂ ಇಲ್ಲ. ಕೌಂಟರಿನ ಮೇಲೆ ಮೊಳಕೈ ಊರಿ, ಎಲ್ಲರಿಗೂ ಕೇಳುವ ಹಾಗೆ ನಿಧಾನವಾಗಿ ಮಾತಾಡಿದ.

"ಮೀನಕ್ಕ ಆಧಾರ್ ಕಾರ್ಡ್ ಐತೇನ್ರಿ ಅಕ್ಕಾರ? ಇದ್ರ ತೋರಸ್ರಿ, ಈಗ ಹಿಡದು ಕೊಟ್ಟು ಕಳಸ್ತೇನಿ."

ಗಿರಾಕಿಗಳು ನಕ್ಕರು. ನಾನು ತೊಟ್ಟಿಯ ಹತ್ತಿರ ಹೋದೆ. ಗಾಜಿನೊಳಗೆ ನನ್ನ ಹೆಣ್ಣು ಚಿಪ್ಪಿನ ಮುಂದೆ ನಿಂತಿತ್ತು. ಚಿಪ್ಪಿನೊಳಗಿನ ಮೊಟ್ಟೆ ಬೆಳ್ಳಗೆ ಬೂಸಲು ಹಿಡಿದದ್ದು ಹೊರಗಿನಿಂದಲೇ ಕಾಣುತ್ತಿತ್ತು. ನಾಲಾಯಕ್ ನನ್ನ ಹೊಳೆನೀರನ್ನು ಚೆಲ್ಲಿ ಬೋರಿನ ನೀರು ತುಂಬಿಸಿದ್ದ.

ಹೋಗಿ ಕೊರಳಪಟ್ಟಿ ಹಿಡಿದು ಎಳೆದು ತರಲೇ ಎಂದು ಗಂಡ ಎದ್ದು ನಿಂತ. ಬೇಡ ಎಂದೆ. ಹೊಡೆದರೆ ಎರಡು ದಿನದಲ್ಲಿ ಊತ ಇಳಿಯುತ್ತದೆ. ಅವನಿಗೆ ಪ್ರಾಣಕ್ಕಿಂತ ದೊಡ್ಡದು ಆ ವಿಡಿಯೋ ನೋಡುವವರ ಮುಂದಿನ ಡೌಲು. ಮಣ್ಣು ಮುಕ್ಕಿಸಿದರೆ ಅಲ್ಲೇ ಮುಕ್ಕಿಸಬೇಕು, ಜೊತೆಗೆ ನನ್ನ ಹೆಣ್ಣು ಮನೆಗೆ ಬರಬೇಕು. ಇವೆರಡೂ ಒಟ್ಟಿಗೆ ಆಗುವ ದಾರಿ ಹುಡುಕುತ್ತಾ ಮಳೆಗಾಲ ಕಳೆದೆ.

ಅಷ್ಟರಲ್ಲಿ ಮರಿಗಳು ಬೆಳೆದಿದ್ದವು. ಅವುಗಳಲ್ಲಿ ಗಂಡು, ಹೆಣ್ಣು ಬೇರೆ ಮಾಡಲು ಕೂತೆ. ಮೇಲ್ನೋಟಕ್ಕೆ ಇದು ಬಹಳ ಸುಲಭ. ದೊಡ್ಡ ಮೈ, ಕೆನ್ನೆಯ ಮೇಲೆ ನೀಲಿ ಗೆರೆ, ಬೆನ್ನಿನ ರೆಕ್ಕೆಯ ಕಡ್ಡಿ ಉದ್ದ ಇದ್ದರೆ ಗಂಡು. ಸಣ್ಣದಾಗಿ, ಬೂದಾಗಿ, ಮೂಲೆಯಲ್ಲಿದ್ದರೆ ಹೆಣ್ಣು. ಆದರೆ ಕಾಡಿನ ರಕ್ತದ ಮೀನುಗಳಲ್ಲಿ ಒಂದು ಕಿತಾಪತಿ ಇದೆ. ಬಲಿಷ್ಠ ಗಂಡಿನ ಜೊತೆ ಬೆಳೆಯುವ ಸಣ್ಣ ಗಂಡುಗಳು ಹೊಡೆತ ತಪ್ಪಿಸಿಕೊಳ್ಳಲು ಹೆಣ್ಣಿನ ವೇಷದಲ್ಲೇ ಉಳಿಯುತ್ತವೆ. ತಿಂಗಳುಗಟ್ಟಲೆ ಹಾಗೇ ಇರಬಲ್ಲವು. ದೊಡ್ಡದನ್ನು ಅಲ್ಲಿಂದ ತೆಗೆದರೆ ಸಾಕು, ವೇಷ ಕಳಚಿ ನೀಲಿ ಗೆರೆ ಮೂಡಿಸಿಕೊಂಡು ನಿಲ್ಲುತ್ತವೆ.

ನಾನು ಮೇಲ್ನೋಟ ನಂಬುವವಳಲ್ಲ. ಒಂದೊಂದನ್ನೇ ಗಾಜಿನ ಲೋಟಕ್ಕೆ ಹಾಕಿ, ಎತ್ತಿ ಹಿಡಿದು, ಕಾಯಿ ನೋಡುವ ಭೂತಗನ್ನಡಿಯಿಂದ ಹೊಟ್ಟೆಯ ಕೆಳಗೆ ನೋಡಿದೆ. ಅಲ್ಲೊಂದು ಸಣ್ಣ ನಳಿಗೆ ಇರುತ್ತದೆ. ಹೆಣ್ಣಿನದಾದರೆ ಮೊಂಡು ಮತ್ತು ಅಗಲ, ಗಂಡಿನದಾದರೆ ಸಣ್ಣ ಮತ್ತು ಚೂಪು. ಒಂದಾದ ಮೇಲೆ ಒಂದು ಎತ್ತಿದೆ. ಎಲ್ಲವೂ ಚೂಪು. ಹೆಣ್ಣೆಂದು ನಾನೇ ಆಸೆಪಟ್ಟಿದ್ದ ಬೂದು ಮೀನುಗಳೂ ಗಂಡೇ. ಹುಟ್ಟಿದ ಹೊಸದರಲ್ಲಿ ನೀರು ಬೆಚ್ಚಗಿದ್ದರೆ ಈ ಜಾತಿಯಲ್ಲಿ ಮರಿಗಳು ಹೆಚ್ಚಾಗಿ ಗಂಡಾಗುತ್ತವೆ, ತಂಪಿದ್ದರೆ ಹೆಣ್ಣು. ನನ್ನವು ಹಾವೇರಿಯ ಬೇಸಿಗೆಯಲ್ಲಿ, ಶೀಟಿನ ಕೆಳಗೆ ಹುಟ್ಟಿದವು. ಲೋಟ ಕೆಳಗಿಟ್ಟೆ. ಇನ್ನು ವಂಶಕ್ಕೆ ಉಳಿದ ಹೆಣ್ಣು ಒಂದೇ, ಅದು ಆ ಕಳ್ಳನ ಅಂಗಡಿಯಲ್ಲಿ.

ದೀಪಾವಳಿ ಹತ್ತಿರವಾದಾಗ ಅವನ ಇನ್ನೊಂದು ವಿಡಿಯೋ ಬಂತು. ಸಣ್ಣ ತೊಟ್ಟಿಯಲ್ಲಿ ಇಟ್ಟಿದ್ದಕ್ಕೆ ಹೆಣ್ಣು ಗಂಡನ್ನು ಕುಕ್ಕಿ ಕುಕ್ಕಿ ಕೊಂದು ಹಾಕಿತ್ತು. ಕಾಡಿನ ಗಂಡು ಯಾರಲ್ಲಾದರೂ ಇದ್ದರೆ ಹೇಳಿ ಎಂದು ನೋಡುವವರಲ್ಲಿ ಅಂಗಲಾಚುತ್ತಿದ್ದ. ಗಂಡು ಮೀನಿಗಾಗಿ ನನಗೆ ಬೇಸರವಾಯಿತು, ಆದರೂ ಹೆಣ್ಣಿಗೆ ಶಹಬ್ಬಾಸ್ ಎಂದೆ. ನನ್ನ ದಾರಿ ಆಗ ನಿಚ್ಚಳವಾಯಿತು.

ನನ್ನ ಮರಿಗಳಲ್ಲಿ ದೊಡ್ಡದೊಂದರ ಫೋಟೋ ತೆಗೆದು ಅವನಿಗೆ ಕಳಿಸಿದೆ. ಕೂಡಲೇ ಫೋನು ಬಂತು, ದನಿಯಲ್ಲಿ ಸಕ್ಕರೆ ಸುರಿಯುತ್ತಿತ್ತು. ಇವು ಎಲ್ಲಿಂದ ಬಂದವು ಎಂದು ಅವನು ಕೇಳಲಿಲ್ಲ, ಅವನ ಹೆಣ್ಣು ಎಲ್ಲಿಂದ ಬಂದದ್ದು ಎಂದು ನಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ದುಡ್ಡು ಬೇಡ, ಎಳೆಯ ಜೋಡಿಯೊಂದನ್ನು ಕೊಡುತ್ತೇನೆ, ಬದಲಿಗೆ ಆ ಮುದಿ ಹೆಣ್ಣನ್ನು ಕೊಡು ಎಂದೆ. ಒಂದಕ್ಕೆ ಎರಡು, ಅದೂ ಎಳೆಯವು. ಹಬ್ಬ ಮುಗಿದ ಮೇಲೆ ಬ್ಯಾಡಗಿಗೇ ಬರುತ್ತೇನೆ ಎಂದ.

ಬ್ಯಾಡಗಿಯಲ್ಲೇ ಆಗಲಿ ಎಂದು ನಾನೇ ಹೇಳಿದ್ದೆ. ಹೊಸ ಕಾಯಿ ಬರುವ ಮುಂಚೆ ನಮ್ಮಲ್ಲಿ ಕೆಲಸ ಕಡಿಮೆ. ತಂಪು ಗೋಡೆಗೆ ಆತುಕೊಂಡಿರುವ ಆಫೀಸಿನಲ್ಲಿ ಮರಿಗಳ ತೊಟ್ಟಿಯನ್ನು ತಂದಿಟ್ಟಿದ್ದೆ. ಹಮಾಲರೂ ತೂಕ ಮಾಡುವವರೂ ಸುತ್ತ ನಿಂತರು. ಅವನು ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಲೈವ್ ಶುರು ಮಾಡಿದ. ನಾನು ಎಲ್ಲರೆದುರು ನಮ್ಮ ಕಟ್ಟುಪಾಡು ಹೇಳಿದೆ.

"ನೀವ ಕೈ ಹಾಕಿ ಆರಿಸ್ರಿ. ಆರಿಸಿದ ಮ್ಯಾಲೆ ಬದಲಿ ಅಂತ ಬರಾಂಗಿಲ್ಲ."

"ನನಗ ಹೇಳ್ತೀರಿ ಅಕ್ಕಾರ? ಮೀನಿನ ಗಂಡು ಹೆಣ್ಣು ಕಣ್ಣು ಮುಚ್ಚಿ ಹೇಳ್ತೇನಿ ನಾ" ಎಂದು ಅವನು ಮೊಬೈಲಿನ ಕಡೆ ತಿರುಗಿ ನಕ್ಕ.

ಕಣ್ಣು ಮುಚ್ಚಿಯೇ ಆರಿಸಿದ ಎನ್ನಬೇಕು. ದೊಡ್ಡದನ್ನು ಹಿಡಿದು ಗಂಡು ಎಂದ, ಅದು ಸರಿ. ಮೂಲೆಯಲ್ಲಿ ಅವಿತಿದ್ದ ಒಂದು ಬೂದು ಮೀನನ್ನು ಬಲೆಗೆ ಹಾಕಿ, ನೋಡಿ ಸ್ನೇಹಿತರೇ, ಹೆಣ್ಣೆಂದರೆ ಹೀಗಿರುತ್ತದೆ, ನಾಚಿಕೆ ನೋಡಿ ಅದಕ್ಕೆ ಎಂದು ಪಾಠ ಮಾಡಿದ. ನಗು ತಡೆಯಲು ನಾನು ಕೆನ್ನೆಯ ಒಳಭಾಗ ಕಚ್ಚಿಕೊಂಡೆ. ನಾನೊಂದು ಮಾತು ಸುಳ್ಳು ಹೇಳಲಿಲ್ಲ, ಹೆಣ್ಣು ಇದೆ ಎಂದೂ ಹೇಳಲಿಲ್ಲ, ಜೋಡಿ ಎಂದಷ್ಟೇ ಅಂದಿದ್ದೆ. ಎರಡು ಎತ್ತು ಕಟ್ಟಿದರೂ ಜೋಡಿಯೇ.

ಆಮೇಲೆ ಅವನು ತನ್ನ ಪೆಟ್ಟಿಗೆ ಮುಂದಿಟ್ಟ. ಒಳಗೆ ಕಪ್ಪು ಪ್ಲಾಸ್ಟಿಕ್ ಚೀಲ, ಬೆಳಕಿಗೆ ಬೆದರುತ್ತದೆ ಎಂದು ಸುತ್ತಿದ್ದನಂತೆ. ಬಾಯಿ ಬಿಚ್ಚಿ ಇಣುಕಿದೆ. ಕತ್ತಲು ನೀರಿನಲ್ಲಿ ಹೆಣ್ಣು ಬಲ ಮಗ್ಗುಲು ತಿರುಗಿಸಿತು, ಮಡಚಿದ ಕಿವಿರು ಕಂಡಿತು. ಬಂದೆಯಾ ತಾಯಿ ಎಂದು ಮನಸ್ಸಿನಲ್ಲೇ ಅಂದುಕೊಂಡು ಚೀಲದ ಬಾಯಿ ಕಟ್ಟಿಬಿಟ್ಟೆ. ಬಲೆಯಲ್ಲಿ ಎತ್ತಿ ನೋಡಲಿಲ್ಲ. ಲೋಟಕ್ಕೆ ಹಾಕಲಿಲ್ಲ. ವರ್ಷಗಟ್ಟಲೆ ಸಾವಿರಾರು ಚೀಲಗಳ ತಳಕ್ಕೆ ಕೈ ಹಾಕಿದವಳು ಅವತ್ತು ಬಾಯಲ್ಲಿ ಕಂಡದ್ದನ್ನಷ್ಟೇ ನೋಡಿ ಒಪ್ಪಿಕೊಂಡೆ.

ಹಾವೇರಿಗೆ ತಂದು, ಐರಣಿಯ ನೀರು ತುಂಬಿದ ತೊಟ್ಟಿಗೆ ಬಿಟ್ಟಾಗ ಬೆಳಕಿನಲ್ಲಿ ಅದರ ಹೊಟ್ಟೆ ಕಂಡಿತು. ಹೊಟ್ಟೆಯೇ ಇರಲಿಲ್ಲ. ಬೆನ್ನು ಚಾಕುವಿನ ಅಲಗಿನ ಹಾಗಾಗಿತ್ತು, ಹಿಂದಿನಿಂದ ಬಿಳಿ ದಾರದಂಥ ಹಿಕ್ಕೆ ಜೋತಾಡುತ್ತಿತ್ತು. ಒಳಗೆ ಹುಳ ಬಿದ್ದು ಬಹಳ ದಿನವಾದ ಮೀನು ಹಾಗಿರುತ್ತದೆ. ಅವನಿಗೆ ಗೊತ್ತಿತ್ತು. ಅದಕ್ಕೇ ಅಷ್ಟು ಸುಲಭವಾಗಿ ಒಪ್ಪಿದ, ಅದಕ್ಕೇ ಕಪ್ಪು ಚೀಲ. ನಾನು ಅವನ ಕಿವಿಗೆ ಹೂ ಇಡುತ್ತಿದ್ದಾಗ ಅವನು ನನ್ನ ತಲೆಗೆ ಟೋಪಿ ಹಾಕುತ್ತಿದ್ದ. ತಕರಾರು ತೆಗೆಯಲು ಬಾಯಿಲ್ಲ, ನಮ್ಮ ಹಮಾಲರ ಮುಂದೆ ನಾನೇ ನೋಡಿ ಒಪ್ಪಿಕೊಂಡ ಮಾಲು ಅದು.

ಔಷಧಿ ಕೊಟ್ಟೆ. ಉಪ್ಪುನೀರಿನಲ್ಲಿ ಸಣ್ಣ ಸೀಗಡಿಯ ಮೊಟ್ಟೆ ಒಡೆಸಿ, ಆ ಜೀವಂತ ಮರಿಗಳನ್ನು ಪಿಚಕಾರಿಯಿಂದ ಅದರ ಬಾಯಿಯ ಮುಂದೆ ಬಿಟ್ಟೆ. ತಿಂದು ಉಗುಳುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ಮೈ ಹಳದಿಯಾಗಿತ್ತು, ಕಪ್ಪು ಪಟ್ಟೆ ಮೂಡಿತ್ತು. ಚಿಪ್ಪಿನ ಬಾಯಲ್ಲಿ ನಿಂತು ನನ್ನ ಬೆರಳಿಗೇ ಏರಿ ಬಂತು. ನಾನು ಕುಣಿದಾಡಿಬಿಟ್ಟೆ. ಪಕ್ಕದ ತೊಟ್ಟಿಯಿಂದ ಒಂದು ಗಂಡನ್ನು ತಂದು ಬಿಡಲೇ ಬೇಡವೇ ಎಂದು ಗಂಡನನ್ನು ನೂರು ಸಲ ಕೇಳಿದೆ. ಅವನು ಕೆಲಸ ಬಿಟ್ಟು ನನ್ನ ಜೊತೆ ಕೂತ. ಎರಡು ದಿನ ಹೆಣ್ಣು ಚಿಪ್ಪಿನಿಂದ ಹೊರಬರಲಿಲ್ಲ. ಕೊನೆಗೆ ಚಿಪ್ಪು ಎತ್ತಿ ನೋಡಿದಾಗ ಒಳಗೆ ಮೊಟ್ಟೆ ಇರಲಿಲ್ಲ, ಹೆಣ್ಣು ಹಳದಿ ಬಣ್ಣದಲ್ಲೇ ಸತ್ತಿತ್ತು.

ಅಂಗಳದ ಕರಿಬೇವಿನ ಬುಡದಲ್ಲಿ ಹೂಳಿದೆ. ಎದೆ ಬಿರಿಯುವ ಹಾಗೆ ಅತ್ತೆ, ಅವನ ಏಳು ತಲೆಮಾರಿಗೆ ತಟ್ಟುವ ಹಾಗೆ ಶಪಿಸಿದೆ. ತೊಟ್ಟಿಯನ್ನು ಖಾಲಿ ಮಾಡಲು ಮಾತ್ರ ಕೈ ಬರಲಿಲ್ಲ. ಕಂದು ನೀರು, ಎಲೆ, ಚಿಪ್ಪು ಹಾಗೇ ಇದ್ದವು.

ಹೊಸ ಕಾಯಿ ಮಾರುಕಟ್ಟೆಗೆ ಬರತೊಡಗಿದಾಗ ಅವನ ಮುಖಕ್ಕೆ ಮಂಗಳಾರತಿ ಆಯಿತು. ಗಂಡು ಬಹಳ ಕಾಟ ಕೊಡುತ್ತದೆ ಎಂದು ಅವನು ದೊಡ್ಡದನ್ನು ಬೇರೆ ತೊಟ್ಟಿಗೆ ಹಾಕಿದ್ದನಂತೆ. ಇನ್ನೇನು, ನಾಚಿಕೆಯ ಹೆಣ್ಣು ಮೆಲ್ಲಗೆ ನೀಲಿ ಗೆರೆ ಮೂಡಿಸಿಕೊಂಡು, ಬೆನ್ನಿನ ಕಡ್ಡಿ ಉದ್ದ ಬಿಟ್ಟುಕೊಂಡು ನಿಂತಿತು. ಮೊಟ್ಟೆ ಯಾವಾಗ ಎಂದು ಕೇಳುತ್ತಿದ್ದವರೆಲ್ಲ ವಿಡಿಯೋದ ಕೆಳಗೆ ಆಡಿಕೊಂಡು ಬರೆದರು. ಮದುಮಗಳಿಗೆ ಮೀಸೆ ಬಂತಲ್ಲ ಅಣ್ಣಾ ಎಂದು ಒಬ್ಬ ಬರೆದಿದ್ದ. ಅದನ್ನು ನಾನು ಗಂಡನಿಗೆ ಓದಿ ಹೇಳಿದೆ, ಅವ್ವನಿಗೆ ಫೋನು ಮಾಡಿ ಓದಿದೆ, ಬಸ್ಸಿನಲ್ಲಿ ಒಬ್ಬಳೇ ಓದಿಕೊಂಡು ನಕ್ಕೆ. ಬಹಳ ದಿನಗಳ ಮೇಲೆ ಆ ರಾತ್ರಿ ಕಣ್ಣು ತುಂಬ ನಿದ್ದೆ ಬಂತು.

ಅದಾದ ಮೇಲೆ ಒಂದು ಭಾನುವಾರ ಅವನು ನೇರವಾಗಿ ಮನೆಗೇ ಬಂದ. ಜೋಡಿಯ ವಿಷಯ ಎತ್ತಲಿಲ್ಲ, ಎತ್ತುವಂತಿರಲಿಲ್ಲ. ಕುರ್ಚಿಯಲ್ಲಿ ಕೂತು, ಚಹಾ ಊದುತ್ತಾ, ತುಟಿಯ ಕೊನೆಯಲ್ಲಿ ನಗು ಇಟ್ಟುಕೊಂಡು ಕೇಳಿದ.

"ಹೆಂಗ ಅದಾಳ್ರಿ ಆ ನಮ್ಮ ಮುದುಕಿ?"

ಸತ್ತಳು ಎನ್ನುವ ಮಾತು ಕೇಳಲೆಂದೇ ಬಸ್ಸು ಹತ್ತಿ ಬಂದಿದ್ದ. ಆ ನಗು ನೋಡಿದಾಗ ನನ್ನ ಬಾಯಿ ತಾನಾಗಿಯೇ ಆಡಿತು.

"ಮರಿ ಮಾಡ್ಯಾಳ. ತಂಪಿನಾಗ ಇಟ್ಟಿದ್ದೆ, ಎಲ್ಲಾ ಹೆಣ್ಣ ಅದಾವು."

ಬಾಗಿಲಲ್ಲಿ ನಿಂತಿದ್ದ ಗಂಡ ನನ್ನನ್ನು ನೋಡಿ, ಆಮೇಲೆ ಪಾದ ನೋಡಿಕೊಂಡ. ಅಂಗಡಿಯವನ ಕೈಯಲ್ಲಿ ಚಹಾದ ಕಪ್ಪು ಅಲ್ಲೇ ನಿಂತಿತು. ಅವನ ಮುಖ ಇಳಿದದ್ದನ್ನು ನಾನು ಕಣ್ತುಂಬ ನೋಡಿದೆ. ಕೊಳೆತದ್ದೆಂದು ತಾನು ಸಾಗಹಾಕಿದ ಮಾಲು ಬಂಗಾರವಾಗಿತ್ತು ಎಂದು ತಿಳಿದ ವ್ಯಾಪಾರಿಯ ಮುಖ ನಾನು ಬ್ಯಾಡಗಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಇಷ್ಟು ರುಚಿಯಾಗಿ ಯಾವುದೂ ಇರಲಿಲ್ಲ.

ಒಂದೇ ಒಂದು ಹೆಣ್ಣು ಮರಿ ಕೊಡಿ ಎಂದು ಅವನು ದುಂಬಾಲು ಬಿದ್ದ. ಅವತ್ತಿನಿಂದ ಫೋನು ನಿಂತಿಲ್ಲ. ಇನ್ನೂ ಸಣ್ಣವು ಎನ್ನುತ್ತೇನೆ, ಯುಗಾದಿ ಆಗಲಿ ಎನ್ನುತ್ತೇನೆ. ಅವನು ಬಂದಾನೆಂದು ಆ ಖಾಲಿ ತೊಟ್ಟಿಯ ದೀಪ ದಿನಾ ಹಚ್ಚಿಡುತ್ತೇನೆ, ಪಂಪು ಬಿಡುತ್ತೇನೆ, ನೀರು ಬದಲಿಸುತ್ತೇನೆ. ಇದೆಂಥ ಹುಚ್ಚು, ಇಲ್ಲದ ಮೀನಿಗೆ ನಾನು ಐರಣಿಗೆ ಹೋಗಬೇಕೇ ಎಂದು ಗಂಡ ಕೇಳಿದ. ಹೋಗಬೇಕು ಎಂದೆ. ಗೊಣಗುತ್ತಾ ಹೋಗಿ ತಂದ.

ಮೊನ್ನೆ ಅವನು ಮತ್ತೆ ಬಂದಿದ್ದ. ಕೊಡುವುದು ಬೇಡ, ಕಣ್ಣಿಂದ ನೋಡಿಯಾದರೂ ಹೋಗುತ್ತೇನೆ ಎಂದ. ನೋಡಿಕೊಳ್ಳಲಿ ಎಂದು ಬಿಟ್ಟೆ. ಗಾಜಿಗೆ ಮೂಗು ತಾಗಿಸಿ, ಕುಕ್ಕರಗಾಲಿನಲ್ಲಿ ಕೂತು, ಕಂದು ನೀರಿನೊಳಗೆ ಎಲೆ ಎಲೆಯ ಸಂದಿಯಲ್ಲೂ ಹುಡುಕಿದ. ಕೊನೆಗೆ ಬೆರಳು ಎತ್ತಿ, ಮೀನು ಬೆದರೀತೆಂದು ಪಿಸುದನಿಯಲ್ಲಿ ಹೇಳಿದ.

"ಕಾಣ್ತು ರೀ ಅಕ್ಕಾರ. ಅಲ್ಲೇ, ಚಿಪ್ಪಿನ ಬಾಯಾಗ. ಹೆಣ್ಣ ಐತಿ, ಖರೇ."

ಹೌದು ಎಂದೆ. ಅವನು ಕಣ್ಣು ಒರೆಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದ. ಇಷ್ಟು ದೊಡ್ಡ ಮುಯ್ಯಿ ನಾನು ಜನ್ಮದಲ್ಲಿ ತೀರಿಸಿಕೊಂಡಿರಲಿಲ್ಲ, ಗಂಡನನ್ನು ಕರೆದು ಹೇಳಿ ಬಿದ್ದು ಬಿದ್ದು ನಗಬೇಕು ಎಂದುಕೊಂಡೆ. ಗೇಟಿನ ಚಿಲಕ ಹಾಕಿ ಒಳಗೆ ಬಂದು, ಅವನು ಕೂತಿದ್ದ ಜಾಗದಲ್ಲೇ ಕೂತು, ಗಾಜಿಗೆ ಹಣೆ ಹಚ್ಚಿ, ಚಿಪ್ಪಿನ ಬಾಯಿಯನ್ನು ನೋಡುತ್ತಾ ಕಾದೆ.